ಪೂವಪ್ಪನ ಸಿಪಿಯು

ಮಣ್ಣಗುಡ್ಡದ ಒಂದು ಓಣಿಯಲ್ಲಿ, ಹಂಚಿನ ಮನೆಯ ಮುಂಬಾಗಿಲ ಮೇಲೆ ಈಗಲೂ ಒಂದು ತಗಡಿನ ಫಲಕ ಇದೆ. "ಹಳೆಯ ಕಂಪ್ಯೂಟರ್ ಬೋರ್ಡುಗಳನ್ನು ರಿಪೇರಿ ಮಾಡಲಾಗುವುದು" ಎಂದು ಮೊದಲ ಸಾಲು. ಎರಡನೆಯ ಸಾಲು ಕೆಂಪು ಅಕ್ಷರದಲ್ಲಿದೆ: "ಡಬ್ಬಕ್ಕೆ ಸಿಪಿಯು ಎನ್ನಬಾರದು." ಓದಿದವರೆಲ್ಲ ನಗುತ್ತಾರೆ. ನಾನು ಇಪ್ಪತ್ತು ವರ್ಷ ನಕ್ಕಿದ್ದೇನೆ. ಅದನ್ನು ಒಂದೇ ಒಂದು ಸಲ ಮನಸ್ಸಿಟ್ಟು ಓದಿದ್ದರೆ ಒಬ್ಬ ಮನುಷ್ಯನ ಬದುಕು ಹಾಳಾಗುತ್ತಿರಲಿಲ್ಲ.

ನಾನು ಮೋಹನದಾಸ ಶೆಟ್ಟಿ. ಬೈಕಂಪಾಡಿಯಲ್ಲಿ ನನ್ನದೊಂದು ಸಣ್ಣ ಟೂಲ್‌ರೂಮ್ ಇದೆ. ಕಾರ್ಖಾನೆಗಳಿಗೆ ಬೇಕಾದ ಅಚ್ಚುಗಳನ್ನು ಉಕ್ಕಿನಲ್ಲಿ ಕತ್ತರಿಸಿ ಕೊಡುವುದು ನಮ್ಮ ಕೆಲಸ. ನನಗೆ ಬರೆದು ಅಭ್ಯಾಸವಿಲ್ಲ, ಬೈದು ಅಭ್ಯಾಸ ಇದೆ. ನಾವು ಮಾತಾಡುವುದೆಲ್ಲ ತುಳುವಿನಲ್ಲಿ. ಬರೆಯಲು ಕೂತರೆ ಕನ್ನಡ. ಹಾಗಾಗಿ ಇಲ್ಲಿರುವ ಮಾತುಗಳನ್ನು ಆಡಿದಂತೆಯೇ ಕೊಡಲು ಆಗುವುದಿಲ್ಲ. ಆದರೆ ಯಾವುದನ್ನೂ ಮೃದು ಮಾಡಿಲ್ಲ.

ಆ ಫಲಕ ಬರೆಸಿದ ಪೂವಪ್ಪ ಹುಟ್ಟಿದ್ದು ಕಾವೂರಿನ ಆಚೆ, ಗೇಣಿ ಗದ್ದೆ ಮಾಡುತ್ತಿದ್ದ ಮನೆಯಲ್ಲಿ. ಅವನ ಅಜ್ಜ ಉತ್ತಿದ್ದು ನನ್ನ ಅಜ್ಜನ ಗದ್ದೆಯನ್ನೇ. ಇದನ್ನು ಅವನು ಎಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಆದರೆ ಮರೆತಿರಲೂ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ ಇಂಗ್ಲಿಷ್ ಕೈಕೊಟ್ಟಿತು. ಹಂಪನಕಟ್ಟೆಯ ರೇಡಿಯೊ ಅಂಗಡಿಯೊಂದರಲ್ಲಿ ಸೋಲ್ಡರಿಂಗ್ ಕಲಿತ. ರೇಡಿಯೊ ಹೋಗಿ ಟಿವಿ ಬಂದಾಗ ಟಿವಿ ಕಲಿತ. ನಡುವೆ ಎಲ್ಲರ ಹಾಗೆ ಗಲ್ಫಿಗೆ, ದಮ್ಮಾಮಿಗೂ ಹೋದ. ಎರಡು ವರ್ಷ ಏಸಿ ರಿಪೇರಿ ಮಾಡಿ, "ಅಲ್ಲಿಯ ಸೆಖೆಗೆ ಇಲ್ಲಿಯ ಸೆಖೆಯೇ ವಾಸಿ" ಎಂದು ತಿರುಗಿ ಬಂದ. ಊರಿಗೆ ಕಂಪ್ಯೂಟರುಗಳು ಬರಲು ಶುರುವಾದ ಕಾಲ ಅದು. ಯಾರೋ ಒಂದು ಕೆಟ್ಟ ಮದರ್‌ಬೋರ್ಡನ್ನು ಅವನ ಮೇಜಿನ ಮೇಲೆ ಬಿಟ್ಟು ಹೋದರು. ಅವನು ಅದನ್ನು ಆರು ತಿಂಗಳು ಬರೀ ನೋಡಿದ. ಓದಲು ಪುಸ್ತಕವಿರಲಿಲ್ಲ, ಕೇಳಲು ತಿಳಿದವರಿರಲಿಲ್ಲ. ಏಳನೆಯ ತಿಂಗಳಲ್ಲಿ ಅದಕ್ಕೆ ಜೀವ ಬಂತು. ಆ ಮೇಲೆ ಅವನು ಬೇರೆ ಯಾವುದನ್ನೂ ಮುಟ್ಟಲಿಲ್ಲ.

ಅವನ ಕೆಲಸದ ರೀತಿಯೇ ಬೇರೆ. ಕೈಗೆ ಬಂದ ಪ್ರತಿಯೊಂದು ಬೋರ್ಡನ್ನೂ ಮೊದಲು ಶಾಲೆ ಮಕ್ಕಳ ನೋಟ್‌ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದ. ಎಷ್ಟು ಸ್ಲಾಟು, ಯಾವ ಚಿಪ್ಪು, ಯಾವ ಮೂಲೆಯಲ್ಲಿ ಯಾವ ನಂಬರು, ಎಲ್ಲ. ಹಳೆಯ ಬೋರ್ಡುಗಳಲ್ಲಿ ಜಂಪರ್ ಎಂದು ಇರುತ್ತದೆ, ಬೆಂಕಿಕಡ್ಡಿಯ ತಲೆಯಷ್ಟು ಸಣ್ಣ ಟೊಪ್ಪಿಗಳು. ಅವುಗಳನ್ನು ಯಾವ ಸೂಜಿಗಳ ಮೇಲೆ ತೊಡಿಸುತ್ತೇವೋ ಅದರಂತೆ ಪ್ರೊಸೆಸರಿಗೆ ಎಷ್ಟು ವೋಲ್ಟು, ಎಷ್ಟು ವೇಗ ಎಂದು ತೀರ್ಮಾನವಾಗುತ್ತದೆ. ಒಂದು ಟೊಪ್ಪಿ ಆಚೀಚೆ ಆದರೆ ಪ್ರೊಸೆಸರ್ ಸುಟ್ಟು ಹೋಗುತ್ತದೆ. ಅವುಗಳನ್ನು ಅವನು ರಂಗೋಲಿ ಚುಕ್ಕಿಯ ಹಾಗೆ ಸಾಲಾಗಿ ಬರೆಯುತ್ತಿದ್ದ. ಪ್ರೊಸೆಸರನ್ನು ಬೋರ್ಡಿನಿಂದ ತೆಗೆದರೆ ಅದರ ಬೆನ್ನಿಗೆ ಮಗಳು ನಿರೀಕ್ಷಾಳ ಕೆಂಪು ನೈಲ್‌ಪಾಲಿಶಿನಿಂದ ಯಜಮಾನನ ಹೆಸರಿನ ಮೊದಲ ಅಕ್ಷರ ಬರೆದು, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕುತ್ತಿದ್ದ. ಅವನು ಸಿಗರೇಟು ಸೇದುವವನಲ್ಲ. ಗೂಡಂಗಡಿಯವರು ಅವನಿಗೆಂದೇ ಆ ಕಾಗದ ಎತ್ತಿಡುತ್ತಿದ್ದರು. ಈ ಕಾಗದದ ವಿಷಯ ನನಗೆ ತಿಳಿದದ್ದು ಎಷ್ಟೋ ಆಮೇಲೆ, ನಿರೀಕ್ಷಾ ಹೇಳಿ.

ಇನ್ನು ಸಿಪಿಯು ಜಗಳ. ನಮ್ಮಲ್ಲಿ ಎಲ್ಲರೂ ಕಂಪ್ಯೂಟರಿನ ಡಬ್ಬಕ್ಕೆ ಸಿಪಿಯು ಎನ್ನುತ್ತಾರೆ. ಬ್ಯಾಂಕಿನವರು ಎನ್ನುತ್ತಾರೆ, ಶಾಲೆಯಲ್ಲಿ ಟೀಚರು ಎನ್ನುತ್ತಾರೆ, ನಾನು ಇವತ್ತಿಗೂ ಬಾಯಿ ತಪ್ಪಿ ಎನ್ನುತ್ತೇನೆ. ರಿಕ್ಷಾದಲ್ಲಿ ಡಬ್ಬವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದ ಗಿರಾಕಿ "ಸಿಪಿಯು ತಂದಿದ್ದೇನೆ" ಎಂದರೆ ಪೂವಪ್ಪನಿಗೆ ಪಿತ್ತ ನೆತ್ತಿಗೇರುತ್ತಿತ್ತು.

"ಎಲ್ಲುಂಟು ಸಿಪಿಯು? ಇದು ಡಬ್ಬ ಮಾರಾಯ್ರೆ! ಸಿಪಿಯು ಅಂದ್ರೆ ಪ್ರೊಸೆಸರ್. ಒಳಗೆ ಉಂಟು, ಬಿಸ್ಕೂಟಿನಷ್ಟು ಇರ್ತದೆ. ಮಿದುಳು ತೋರಿಸಿ ಅಂದ್ರೆ ಟ್ರಂಕು ತೋರಿಸ್ತೀರಲ್ಲ!"

"ನಿನಗೆ ರಿಪೇರಿಗಿಂತ ವ್ಯಾಕರಣವೇ ಜಾಸ್ತಿ" ಎಂದು ನಾನು ಕಿಚಾಯಿಸುತ್ತಿದ್ದೆ. "ಹೆಸರು ತಪ್ಪಿದ್ರೆ ಎಲ್ಲ ತಪ್ಪಿತು ಶೆಟ್ರೇ" ಎನ್ನುತ್ತಿದ್ದ. ನಾನು ನಗುತ್ತಿದ್ದೆ.

ನನ್ನ ಶೆಡ್ಡಿನಲ್ಲಿ ಒಂದು ವೈರ್‌ಕಟ್ ಮೆಷಿನ್ ಇದೆ. ಕೂದಲಿನಷ್ಟು ತೆಳುವಾದ ಹಿತ್ತಾಳೆ ತಂತಿಯಲ್ಲಿ ಕರೆಂಟು ಹರಿಸಿ ಉಕ್ಕನ್ನು ಕತ್ತರಿಸುವ ಯಂತ್ರ. ಅದನ್ನು ನಡೆಸುವುದು ತೊಂಬತ್ತರ ದಶಕದ ಒಂದು ಕಂಪ್ಯೂಟರ್. ಯಂತ್ರಕ್ಕೆ ಅಪ್ಪಣೆ ಕೊಡುವ ಕಾರ್ಡು ಆ ಕಾಲದ ಬೋರ್ಡಿನಲ್ಲಿ ಮಾತ್ರ ಕೂರುತ್ತದೆ, ಈಗಿನವುಗಳಲ್ಲಿ ಅಂಥ ಸ್ಲಾಟೇ ಇಲ್ಲ. ಬೋರ್ಡು ಸತ್ತರೆ ಯಂತ್ರ ಸತ್ತ ಹಾಗೆ. ಕಡಲ ಗಾಳಿಗೆ ನಮ್ಮಲ್ಲಿ ತಾಮ್ರವೆಂಬುದೆಲ್ಲ ಹಸಿರು ಕಿಲುಬು ಹಿಡಿಯುತ್ತದೆ. ವರ್ಷಕ್ಕೆರಡು ಸಲ ಪೂವಪ್ಪ ಬಂದು ಅದನ್ನು ಬದುಕಿಸಿ ಹೋಗುತ್ತಿದ್ದ.

ಯಂತ್ರವನ್ನು ನಡೆಸುತ್ತಿದ್ದವನು ಮುಕೇಶ. ಬೆಂಗ್ರೆಯವನು, ತಾಯಿ ದೇಯಿಯ ಒಬ್ಬನೇ ಮಗ. ಮೂವತ್ತನಾಲ್ಕು ವಯಸ್ಸು; ಹನ್ನೊಂದು ವರ್ಷದಿಂದ ನನ್ನಲ್ಲಿದ್ದ. ಆ ತಂತಿ ಆಗಾಗ ತುಂಡಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನಲ್ಲಿ ಮತ್ತೆ ಪೋಣಿಸಬೇಕು. ಬೇರೆಯವರು ಕನ್ನಡಕ, ಟಾರ್ಚು ಹಿಡಿದು ಒದ್ದಾಡುತ್ತಾರೆ. ಮುಕೇಶ ಅತ್ತ ನೋಡುತ್ತಲೂ ಇರಲಿಲ್ಲ, ಯಾರೊಡನೆಯೋ ಮಾತಾಡುತ್ತಾ ಬೆರಳಿನಲ್ಲೇ ತೂತು ಹುಡುಕಿ ಪೋಣಿಸಿಬಿಡುತ್ತಿದ್ದ. ಬೈಕಂಪಾಡಿಯಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ಬೈಯುವುದರಲ್ಲಿ ನಾನು ಧಾರಾಳಿ, ಹೊಗಳುವುದರಲ್ಲಿ ಜುಗ್ಗ. ಅವನಿಗೆ ಇದನ್ನು ನಾನು ಒಂದು ದಿನವೂ ಹೇಳಲಿಲ್ಲ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುತ್ತಿದ್ದಂತೆ ಯಂತ್ರ ನಡುನಡುವೆ ನಿಲ್ಲತೊಡಗಿತು. ಒಂದು ಶನಿವಾರ ಪೂವಪ್ಪ ನೋಡಲು ಬಂದ. ನಾನು ಉಡುಪಿಯಲ್ಲಿ ಮದುವೆಗೆ ಹೋಗಿದ್ದೆ. ಮಧ್ಯಾಹ್ನ ಅವನ ಫೋನು ಬಂತು. ನನ್ನ ಕೈಯಲ್ಲಿ ಊಟದ ತಟ್ಟೆ, ಹಿಂದೆ ಬ್ಯಾಂಡಿನ ಗಲಾಟೆ.

"ಶೆಟ್ರೇ, ಸಾಕೆಟಿನೊಳಗೆ ಕಿಲುಬು ಹಿಡಿದಿದೆ. ಸಿಪಿಯು ನಾನು ತಕೊಂಡು ಹೋಗ್ತೇನೆ, ಕಾಲುಗಳನ್ನು ಕ್ಲೀನ್ ಮಾಡ್ಬೇಕು. ಸೋಮವಾರ ತಂದು ಹಾಕ್ತೇನೆ, ಆಗ್ದಾ?"

"ತಕೊಂಡು ಹೋಗು ಮಾರಾಯ" ಎಂದು ಫೋನಿಟ್ಟೆ. ಪೂವಪ್ಪ ನನ್ನೊಡನೆ ಆಡಿದ ಕೊನೆಯ ಪೂರ್ತಿ ವಾಕ್ಯಗಳು ಇವೇ.

ಅಂದು ಮೂರು ಗಂಟೆಗೆ ಕೂಳೂರಿನ ಹತ್ತಿರ ಸ್ಕೂಟರ್ ನಿಲ್ಲಿಸಿ ಸೋಡಾ ಕುಡಿಯುತ್ತಿದ್ದವನು ಹಾಗೇ ಕುಸಿದು ಬಿದ್ದ. ಸ್ಟ್ರೋಕ್. ಆಸ್ಪತ್ರೆಯಲ್ಲಿ ಅವನ ಅಂಗಿಯನ್ನು ಕತ್ತರಿಸಿ ತೆಗೆದು, ಚಪ್ಪಲಿ, ಬೆಲ್ಟಿನ ಸಮೇತ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹೆಂಡತಿ ಗುಲಾಬಿಯ ಕೈಗೆ ಕೊಟ್ಟರು. ಜೀವ ಉಳಿಯಿತು. ಬಲಗೈ ಬಲಗಾಲು ಹೋಯಿತು, ಮಾತು ಹೋಯಿತು.

ಸೋಮವಾರ ನಾನು ಶೆಡ್ಡಿಗೆ ಬಂದಾಗ ಡಬ್ಬ ಮೇಜಿನ ಕೆಳಗೆ ಅದರ ಜಾಗದಲ್ಲೇ ಇತ್ತು. ಸಿಪಿಯು ತಕೊಂಡು ಹೋಗುತ್ತೇನೆ ಎಂದವನು ಮನಸ್ಸು ಬದಲಿಸಿ ಬಿಟ್ಟು ಹೋಗಿದ್ದಾನೆ ಎಂದುಕೊಂಡೆ. ಅಷ್ಟರಲ್ಲಿ ನಿರೀಕ್ಷಾ ಫೋನ್ ಮಾಡಿ ಆಸ್ಪತ್ರೆಯ ಸುದ್ದಿ ಹೇಳಿದಳು. ಡಬ್ಬದ ಯೋಚನೆ ಅಲ್ಲಿಗೆ ಬಿಟ್ಟುಹೋಯಿತು.

ಎರಡು ವಾರ ಕಾದು, ಪೇಟೆಯಿಂದ ಶೆರ್ವಿನ್ ಎಂಬ ರಿಪೇರಿಯವನನ್ನು ಕರೆಸಿದೆ. ಅವನು ಡಬ್ಬ ಬಿಚ್ಚಿ, ಟಾರ್ಚು ಹಾಕಿ, ಮೇಲೆ ನೋಡಿದ.

"ಅಂಕಲ್, ಇದರಲ್ಲಿ ಪ್ರೊಸೆಸರೇ ಇಲ್ಲ. ಯಾರೋ ತೆಗೆದಿದ್ದಾರೆ."

"ತೆಗೆದು ಎಂತ ಮಾಡ್ತಾರೆ ಅದನ್ನು?"

"ಹಳೆಯದರ ಕಾಲುಗಳಲ್ಲಿ ಚಿನ್ನದ ಲೇಪ ಉಂಟಲ್ಲ. ಗುಜರಿಯವರು ಹುಡುಕಿಕೊಂಡು ಬರ್ತಾರೆ."

ಬೇರೆ ಹಾಕು ಎಂದರೆ ಅವನು ಒಪ್ಪಲಿಲ್ಲ. ಬೋರ್ಡಿನ ಮೇಲೆ ಕಂಪನಿಯ ಹೆಸರಿಲ್ಲ, ಯಾವುದೆಂದು ಗುರುತು ಸಿಗದೆ ಜಂಪರ್ ಮುಟ್ಟಿದರೆ ಸುಡುತ್ತದೆ ಎಂದ. ಅವನು ಹೇಳಿದ್ದೆಲ್ಲ ಸರಿಯೇ. ಆದರೆ ನನ್ನ ಕಿವಿಗೆ ಹೋದದ್ದು ಚಿನ್ನ ಎಂಬ ಶಬ್ದ ಮಾತ್ರ. ನನ್ನ ಲೆಕ್ಕದಲ್ಲಿ ಸಿಪಿಯು ಒಂದು, ಪ್ರೊಸೆಸರ್ ಇನ್ನೊಂದು. ಸಿಪಿಯು ಮೇಜಿನ ಕೆಳಗೆ ಭದ್ರವಾಗಿದೆ, ಅಂದರೆ ಪೂವಪ್ಪ ಏನನ್ನೂ ಒಯ್ದಿಲ್ಲ. ಪ್ರೊಸೆಸರ್ ಹೋಗಿದೆ, ಅಂದರೆ ಕಳ್ಳ ಆಮೇಲೆ ಬಂದಿದ್ದಾನೆ. ಶೆಡ್ಡಿನ ಇನ್ನೊಂದು ಬೀಗದಕೈ ಇದ್ದದ್ದು ಮುಕೇಶನ ಹತ್ತಿರ.

ಅವನನ್ನು ಎಲ್ಲರ ಎದುರು ಕರೆದೆ. ಲೇತಿನವರು, ಪ್ಯಾಕಿಂಗಿನ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು.

"ಪ್ರೊಸೆಸರ್ ಯಾರಿಗೆ ಕೊಟ್ಟೆ?"

ಅವನಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ.

"ನಾನು ಮುಟ್ಟಿಲ್ಲ ಸರ್. ಆ ಶನಿವಾರ ನಾನು ಚಾ ಕುಡಿದು ಬರುವಾಗ ಪೂವಪ್ಪಣ್ಣ ಬೆಳ್ಳಿ ಕಾಗದದಲ್ಲಿ ಎಂತದೋ ಸುತ್ತಿ ಕಿಸೆಗೆ ಹಾಕ್ತಾ ಇದ್ರು. ಅದೇ ಇರ್ಬೇಕು ಸರ್."

ಅದು ಕೇಳಿ ನನ್ನ ಮೈ ಉರಿಯಿತು. ಕಳ್ಳತನ ಮಾಡಿದ್ದಲ್ಲದೆ, ಬಾಯಿ ಸತ್ತು ಮಲಗಿರುವ ಮನುಷ್ಯನ ತಲೆಗೆ ಕಟ್ಟುತ್ತಿದ್ದಾನೆ ಎಂದು.

"ಮಾತು ಬಾರದವನ ಮೇಲೆ ಹಾಕ್ತೀಯಾ? ನಾಚಿಕೆ ಆಗುದಿಲ್ವಾ? ನನಗೆ ಅವನೇ ಫೋನ್ ಮಾಡಿದ್ದಾನೆ, ಸಿಪಿಯು ತಕೊಂಡು ಹೋಗ್ತೇನೆ ಅಂತ. ತಕೊಂಡು ಹೋಗಿಲ್ಲ, ಅಲ್ಲೇ ಉಂಟಲ್ಲ!" ಎಂದು ಡಬ್ಬಕ್ಕೆ ಕಾಲಿನಿಂದ ಒದ್ದು ತೋರಿಸಿದೆ.

ಮುಕೇಶ ಡಬ್ಬವನ್ನು ನೋಡಿದ. ಅವನಿಗೂ ಅದು ಸಿಪಿಯುವೇ. ತನ್ನ ಕಣ್ಣೇ ತಪ್ಪಿತೋ ಎಂಬಂತೆ ಸುಮ್ಮನಾದ. ಆ ಮೌನವನ್ನು ನಾನು ತಪ್ಪೊಪ್ಪಿಗೆ ಎಂದು ತೆಗೆದುಕೊಂಡೆ. ಬೀಗದಕೈ ಕಿತ್ತುಕೊಂಡು ಅವನ ಊಟದ ಡಬ್ಬಿಯನ್ನು ಗೇಟಿನ ಹೊರಗೆ ಇಡಿಸಿದೆ. ಪೊಲೀಸರಿಗೆ ಕೊಡಲಿಲ್ಲ. ಕೊಡದ್ದಕ್ಕೆ ನಾನು ದೊಡ್ಡ ಮನುಷ್ಯ ಎಂದು ನನಗೇ ಹೆಮ್ಮೆ ಇತ್ತು.

ಆದರೂ ಅವನು ಹೇಳಿದ ಬೆಳ್ಳಿ ಕಾಗದ ಮನಸ್ಸಿನಲ್ಲಿ ಎಲ್ಲೋ ಚುಚ್ಚುತ್ತಿತ್ತು. ಮರುದಿನ ಮಣ್ಣಗುಡ್ಡಕ್ಕೆ ಹೋದೆ. ಪೂವಪ್ಪನನ್ನು ಆಸ್ಪತ್ರೆಯಿಂದ ಮನೆಗೆ ತಂದಿದ್ದರು. ಕಿಟಕಿಯ ಪಕ್ಕದ ಮಂಚದಲ್ಲಿ ಒಂದು ಮಗ್ಗುಲಾಗಿ ಮಲಗಿದ್ದ. ಗುಲಾಬಿ ಒಳಗೆ ಚಾ ಮಾಡಲು ಹೋದಾಗ ನಾನು ಬಾಗಿ ಕೇಳಿದೆ.

"ಪೂವಪ್ಪ, ಆ ಶನಿವಾರ ನಮ್ಮಲ್ಲಿಂದ ಎಂತಾದರೂ ತಕೊಂಡು ಬಂದಿದ್ದೀಯಾ?"

ಅವನ ಕಣ್ಣು ದೊಡ್ಡದಾಯಿತು. ಬಾಯಿ ಒಂದು ಬದಿಗೆ ಎಳೆಯಿತು. "ಸಿ... ಪಿಯು" ಎಂದ. ಎಡಗೈಯನ್ನು ಎತ್ತಿ ಎದೆಗೆ ಬಡಿದುಕೊಂಡ. "ಸಿಪಿಯು. ಸಿಪಿಯು." ಮತ್ತೆ ಎದೆಗೆ ಬಡಿದುಕೊಂಡ. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ನಾನು ಅವನ ಕೈ ಹಿಡಿದು ಸಮಾಧಾನ ಮಾಡಿದೆ. "ಸಿಪಿಯು ಅಲ್ಲೇ ಉಂಟು ಮಾರಾಯ, ಎಲ್ಲಿಗೂ ಹೋಗಿಲ್ಲ. ನೀನು ತಲೆಬಿಸಿ ಮಾಡ್ಬೇಡ."

ಅವನು ತಲೆ ಅಲ್ಲಾಡಿಸಿ ಕಿರುಚಿದ. ಗುಲಾಬಿ ಓಡಿ ಬಂದು, ಎದೆ ನೋವಿರಬೇಕೆಂದು ನಾಲಗೆಯ ಕೆಳಗೆ ಮಾತ್ರೆ ಇಟ್ಟಳು. ಬಾಗಿಲವರೆಗೆ ಬಂದ ನಿರೀಕ್ಷಾ ಹೇಳಿದಳು: "ದಿನಾ ಇದೇ ಅಂಕಲ್. ಅಮ್ಮ ಡಬ್ಬ ತಂದು ತೋರಿಸಿದ್ರು, ಅಪ್ಪ ದೂಡಿದ್ರು. ನಾನು ಡ್ರಾಯರಿನಲ್ಲಿದ್ದ ಪ್ರೊಸೆಸರುಗಳನ್ನೆಲ್ಲ ಒಂದೊಂದಾಗಿ ಕೈಗೆ ಕೊಟ್ಟೆ, ಅದೂ ಬೇಡ. ಡಾಕ್ಟ್ರು ಹೇಳಿದ್ರು, ಕೆಲವರಿಗೆ ಒಂದೇ ಶಬ್ದ ಬಾಯಲ್ಲಿ ಉಳಿದುಬಿಡ್ತದಂತೆ. ಅದಕ್ಕೆ ಅರ್ಥ ಹುಡುಕ್ಬೇಡಿ ಅಂತ."

ನನ್ನ ಶೆಡ್ಡಿನಲ್ಲಿ ಪ್ರೊಸೆಸರ್ ಕಾಣೆಯಾದದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಕಾಯಿಲೆಯ ಮನೆಯಲ್ಲಿ ಕಳ್ಳತನದ ಮಾತು ಯಾಕೆ ಎಂದು. ಅವಳ ಬಳಿ ಅರ್ಧ ಇತ್ತು, ನನ್ನ ಬಳಿ ಅರ್ಧ ಇತ್ತು. ನಾನು ಬಾಯಿ ಬಿಟ್ಟಿದ್ದರೆ ಅಂದೇ, ಆ ಬಾಗಿಲಲ್ಲೇ ಮುಗಿದು ಹೋಗುತ್ತಿತ್ತು. ಜೀವಮಾನವಿಡೀ ಬೇಡದ ಕಡೆ ಬಾಯಿ ಹಾಕಿದ ನಾನು ಅಂದು ಮರ್ಯಾದಸ್ಥನಾದೆ.

ಮನೆಗೆ ಬಂದು ಆರು ಟೂಲ್‌ರೂಮಿನವರಿಗೆ ಫೋನ್ ಮಾಡಿದೆ. ಮುಕೇಶ ಬಂದು ಕೆಲಸ ಕೇಳಿದರೆ ಜಾಗ್ರತೆ, ಅವನ ಕೈ ಸರಿ ಇಲ್ಲ ಎಂದೆ. ಕಳ್ಳ ಎನ್ನಲಿಲ್ಲ. ಕೈ ಸರಿ ಇಲ್ಲ ಎಂದರೆ ನಮ್ಮಲ್ಲಿ ಸಾಕು.

ಹದಿನಾಲ್ಕು ತಿಂಗಳು ಆ ಯಂತ್ರ ಹಾಗೇ ಹೊದಿಕೆಯ ಕೆಳಗಿತ್ತು. ಗುಲಾಬಿ ಗಂಡನ ಮಂಚಕ್ಕೆ, ಗಾಲಿಕುರ್ಚಿಗೆ ಜಾಗ ಮಾಡಲು ಅವನ ಎರಡು ಗೋಣಿ ಸಾಮಾನನ್ನು ಗುಜರಿಗೆ ಹಾಕಿದಳು. ನೋಟ್‌ಪುಸ್ತಕಗಳನ್ನು ಮಾತ್ರ ನಿರೀಕ್ಷಾ ಬಿಟ್ಟುಕೊಡಲಿಲ್ಲ. ಅವಳು ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು, ಅಪ್ಪನ ಕಣ್ಣು, ಅಪ್ಪನ ಹಟ. ಕಳೆದ ಚಳಿಗಾಲದ ಒಂದು ಭಾನುವಾರ ನನಗೆ ಫೋನ್ ಮಾಡಿದಳು.

"ಅಂಕಲ್, ನಿಮ್ಮ ವೈರ್‌ಕಟ್ಟಿನ ಬೋರ್ಡ್ ಹಾಗೇ ಉಂಟಲ್ಲ? ನಾನೊಮ್ಮೆ ನೋಡ್ತೇನೆ. ಅಪ್ಪನ ಎದುರು ಕೂತು ಮಾಡ್ತೇನೆ. ಅವರಿಗೂ ಸ್ವಲ್ಪ ಖುಷಿ ಆಗ್ಬಹುದು."

ಡಬ್ಬವನ್ನು ಶೆಡ್ಡಿನಲ್ಲೇ ಬಿಟ್ಟು, ಬೋರ್ಡನ್ನು ಮಾತ್ರ ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟೆ. ಅವಳು ಖಾಲಿ ಸಾಕೆಟನ್ನು ನೋಡಿ "ಇದರದ್ದು ಎಲ್ಲಿ?" ಎಂದಳು. "ಕಳವಾಗಿದೆ, ಹಳೆಯ ಕತೆ" ಎಂದೆ. ಅವಳು ಮತ್ತೆ ಕೇಳಲಿಲ್ಲ.

ಮೂರು ಭಾನುವಾರ ಅವಳು ಆ ಬೋರ್ಡಿಗೆ ಕೂತಳು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಬ್ರಷ್ಷಿನಿಂದ ಧೂಳು ತೆಗೆದಾಗ ಒಂದು ಮೂಲೆಯಲ್ಲಿ ಬಿಳಿ ಅಕ್ಷರದ ಅರ್ಧ ನಂಬರು ಕಂಡಿತು. ದೊಡ್ಡ ಚಿಪ್ಪುಗಳ ನಂಬರುಗಳನ್ನು ಬರೆದುಕೊಂಡಳು, ಸ್ಲಾಟುಗಳನ್ನು ಎಣಿಸಿದಳು. ಆ ಮೇಲೆ ಅಪ್ಪನ ಹನ್ನೊಂದು ನೋಟ್‌ಪುಸ್ತಕಗಳನ್ನು ಒಂದೊಂದು ಪುಟವಾಗಿ ತಿರುವಿ, ಜಂಪರಿನ ಚುಕ್ಕಿಗಳನ್ನು ಬೋರ್ಡಿನ ಚುಕ್ಕಿಗಳಿಗೆ ಹೋಲಿಸಿದಳು. ಏಳನೆಯ ಪುಸ್ತಕದಲ್ಲಿ ಸಿಕ್ಕಿತು. ಪುಟದ ತಲೆಯಲ್ಲಿ "ಬೈಕಂಪಾಡಿ, ಮೋ., ತಂತಿ ಮೆಷಿನ್" ಎಂದಿತ್ತು. ಕೆಳಗೆ: "ವೇಗ ಅರುವತ್ತಾರು, ಎರಡು ಪಟ್ಟು. ಮೂರು ಮುಕ್ಕಾಲಿಗೆ ಹಾಕಬಾರದು, ಮೂರೂಕಾಲು ವೋಲ್ಟು ಸಾಕು. ಸಾಕೆಟ್ ಸೂಕ್ಷ್ಮ."

ಬೋರ್ಡಿನ ಮೇಲಿದ್ದ ಸಣ್ಣ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದಿತ್ತು. ಅವಳು ಅದನ್ನು ಕಿತ್ತು, ವಿನೆಗರಿನಿಂದ ಒರೆಸಿ, ಹೋದ ಗೆರೆಗಳ ಜಾಗಕ್ಕೆ ಎಳೆ ತಂತಿ ಬೆಸೆದಳು. ಉಬ್ಬಿದ ಕೆಪಾಸಿಟರುಗಳನ್ನು ಬದಲಿಸಿದಳು. ಪೂವಪ್ಪ ಮಂಚದಿಂದ ನೋಡುತ್ತಿದ್ದ. ಸೋಲ್ಡರಿನ ಹೊಗೆ ಮೂಗಿಗೆ ಬಡಿದಾಗ ಅವನ ಎಡಗೈ ಬೆರಳುಗಳು ತಾವಾಗಿ ಅಲ್ಲಾಡುತ್ತಿದ್ದವು.

ಮೂರನೆಯ ಭಾನುವಾರ ಸಂಜೆ ಅವಳು ಕೈ ಒರೆಸಿಕೊಂಡು ಹೇಳಿದಳು. "ಬೋರ್ಡ್ ಸರಿಯಾಯ್ತು ಅಂಕಲ್. ಇನ್ನು ಸಿಪಿಯು ಒಂದು ಬೇಕು."

"ಸಿಪಿಯು ಉಂಟಲ್ಲ, ಶೆಡ್ಡಿನಲ್ಲಿ. ಮೇಜಿನ ಕೆಳಗೆ."

ಅವಳು ನನ್ನನ್ನು ಥೇಟ್ ಅವಳಪ್ಪನ ಹಾಗೆ ದುರುಗುಟ್ಟಿ ನೋಡಿದಳು. "ಅದು ಡಬ್ಬ ಅಂಕಲ್. ಸಿಪಿಯು ಅಂದ್ರೆ ಪ್ರೊಸೆಸರ್. ಅಪ್ಪ ನಿಮಗೆ ಎಷ್ಟು ಸಲ ಹೇಳಿಲ್ಲ?"

ಮಂಚದಿಂದ ಸದ್ದು ಬಂತು. "ಸಿಪಿಯು! ಸಿಪಿಯು!" ಪೂವಪ್ಪ ನನ್ನನ್ನೇ ನೋಡುತ್ತಾ ಎಡಗೈಯಿಂದ ಎದೆಗೆ ಬಡಿದುಕೊಳ್ಳುತ್ತಿದ್ದ. ಎದೆಯ ಎಡಬದಿಗೆ, ಅಂಗಿಯ ಕಿಸೆ ಇರುವ ಜಾಗಕ್ಕೆ.

ಮದುವೆ ಮನೆಯ ಬ್ಯಾಂಡು, ಕೈಯಲ್ಲಿ ತಟ್ಟೆ, ಸಿಪಿಯು ನಾನು ತಕೊಂಡು ಹೋಗ್ತೇನೆ ಎಂಬ ಮಾತು ಎಲ್ಲ ಒಟ್ಟಿಗೆ ಬಂತು.

"ಗುಲಾಬಿ, ಅಂದು ಅವನು ಹಾಕಿದ್ದ ಅಂಗಿ ಎಲ್ಲುಂಟು?"

ಆಸ್ಪತ್ರೆಯ ಚೀಲ ಅಟ್ಟದ ಮೇಲಿತ್ತು. ಕತ್ತರಿಸಿದ ಆ ಅಂಗಿಯನ್ನು ನೋಡಲು ಗುಲಾಬಿಗೆ ಧೈರ್ಯ ಬಂದಿರಲಿಲ್ಲ, ಎಸೆಯಲೂ ಮನಸ್ಸಾಗಿರಲಿಲ್ಲ. ಗಂಟು ಕೂಡ ಬಿಚ್ಚದೆ ಇಟ್ಟಿದ್ದಳು. ನಿರೀಕ್ಷಾ ಬಿಚ್ಚಿದಳು. ಕಂದು ಗೆರೆಯ ಅಂಗಿ, ಮುಗ್ಗಲು ವಾಸನೆ. ಕಿಸೆಯಲ್ಲಿ ಒಂದು ಪೆನ್ನು, ಬಸ್ಸಿನ ಹಳೆಯ ಟಿಕೇಟು, ಚೌಕಾಕಾರವಾಗಿ ಮಡಿಸಿದ ಬೆಳ್ಳಿ ಕಾಗದ. ಕಾಗದ ಬಿಡಿಸಿದಾಗ ಬಿಸ್ಕೂಟಿನಷ್ಟು ದೊಡ್ಡ, ಬೂದು ಬಣ್ಣದ ಪ್ರೊಸೆಸರ್. ಬೆನ್ನ ಮೇಲೆ ಕೆಂಪು ನೈಲ್‌ಪಾಲಿಶಿನಲ್ಲಿ ಒಂದು ಅಕ್ಷರ. ಮೋ.

ನಿರೀಕ್ಷಾ ಅದನ್ನು ಅಪ್ಪನ ಎಡಗೈಯಲ್ಲಿಟ್ಟಳು. ಅವನು ಅದನ್ನು ನನ್ನ ಕಡೆ ಚಾಚಿದ. ನಾನು ತೆಗೆದುಕೊಂಡೆ. "ಸಿಪಿಯು" ಎಂದ, ಮೆಲ್ಲಗೆ, ಸೋಮವಾರ ತಂದು ಹಾಕುತ್ತೇನೆ ಎಂದಿದ್ದವನು ತಂದು ಒಪ್ಪಿಸಿದ ಹಾಗೆ. ಆ ಮೇಲೆ ಅವನು ಆ ಶಬ್ದವನ್ನು ಹೇಳಿಲ್ಲ. ಬೇರೆ ಯಾವ ಶಬ್ದವೂ ಬಂದಿಲ್ಲ. ಈಗ ಬರೀ ಕಿಟಕಿ ನೋಡುತ್ತಾನೆ.

ನಾನು ಅಲ್ಲಿಯೇ ಕೂತು ನಿರೀಕ್ಷಾಳಿಗೆ ಮುಕೇಶನ ಕತೆಯನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ. "ನನಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಂಕಲ್" ಎಂದಳು, ಅಷ್ಟೆ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಅದೇ ಆರು ಜನರಿಗೆ ಮತ್ತೆ ಫೋನ್ ಮಾಡಿದೆ. ಮುಕೇಶ ಕಳ್ಳನಲ್ಲ, ತಪ್ಪು ನನ್ನದು ಎಂದೆ. ನಾಲ್ವರು ಸರಿ ಸರಿ ಎಂದರು. ಒಬ್ಬ ಬೇರೆ ಕೆಲಸದ ಮಾತು ಎತ್ತಿದ. ಇನ್ನೊಬ್ಬ ಕೇಳಿದ: "ಯಾವ ಮುಕೇಶ್? ಆ ಕೈ ಸರಿ ಇಲ್ಲದವನಾ?"

ಬಂದರಿನಿಂದ ದೋಣಿ ಹತ್ತಿ ಬೆಂಗ್ರೆಗೆ ಹೋದೆ. ಪ್ರೊಸೆಸರನ್ನು ಬೆಳ್ಳಿ ಕಾಗದದ ಸಮೇತ ಕಿಸೆಯಲ್ಲಿಟ್ಟುಕೊಂಡಿದ್ದೆ. ಅವನಿಗೆ ಕೆಲಸ ವಾಪಸು ಕೊಡಬೇಕು, ಎಲ್ಲರ ಎದುರು ಕ್ಷಮೆ ಕೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಬಲೆಗಳನ್ನು ಒಣಗಲು ಹರಡಿದ ಹೊಯಿಗೆಯ ಅಂಗಳಗಳನ್ನು ದಾಟಿ, ಕೇಳುತ್ತಾ ಕೇಳುತ್ತಾ ಮನೆ ಮುಟ್ಟಿದೆ. ದೇಯಿ ಅಂಗಳದಲ್ಲಿ ಮೀನು ತಿರುವಿ ಹಾಕುತ್ತಿದ್ದಳು. ನನ್ನನ್ನು ಗುರುತು ಹಿಡಿದಳು. ಕೂತುಕೊಳ್ಳಿ ಎನ್ನಲಿಲ್ಲ.

"ಮುಕ್ಕು, ನಿನ್ನ ಶೆಟ್ರು ಬಂದಿದ್ದಾರೆ" ಎಂದು ಒಳಗೆ ಕೂಗಿದಳು.

ಮುಕೇಶ ಹೊರಗೆ ಬಂದ. ಬಲಗೈಯನ್ನು ಲುಂಗಿಯ ಮಡಿಕೆಯೊಳಗೆ ಇಟ್ಟುಕೊಂಡಿದ್ದ. ನಾನು ನೋಡುತ್ತಿರುವುದನ್ನು ಕಂಡು ಹೊರಗೆ ತೆಗೆದ. ಹೆಬ್ಬೆರಳು, ಕಿರುಬೆರಳು ಇದ್ದವು. ನಡುವಿನ ಮೂರು ಇರಲಿಲ್ಲ.

"ಮೀನಿನ ದಕ್ಕೆಯಲ್ಲಿ ಐಸು ಪುಡಿ ಮಾಡುವ ಮೆಷಿನಿಗೆ ಹೋಯ್ತು. ಬೇರೆ ಎಲ್ಲೂ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ, ಅಲ್ಲಿಗೆ ಹೋಗಿದ್ದೆ. ಮೂರನೇ ತಿಂಗಳು ಆದದ್ದು" ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಬಸ್ಸು ತಪ್ಪಿತು ಎಂದು ಹೇಳುವವನ ಹಾಗೆ ಹೇಳಿದ.

ಅವನ ಕೈ ಸರಿ ಇಲ್ಲ ಎಂದು ನಾನು ಆರು ಜನರಿಗೆ ಹೇಳಿದ್ದೆ. ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಬಿಟ್ಟೆ. ಬೆಳ್ಳಿ ಕಾಗದ ಬಿಡಿಸಿ ಪ್ರೊಸೆಸರ್ ತೋರಿಸಿದೆ. ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು, ಎಲ್ಲ ತೊದಲುತ್ತಾ ಹೇಳಿದೆ. ತಪ್ಪಾಯಿತು ಎಂದೆ. ಕೈ ಮುಗಿದೆ. ದೇಯಿ ಮೀನು ತಿರುವುವುದನ್ನು ನಿಲ್ಲಿಸಲಿಲ್ಲ.

ಮುಕೇಶ ಪ್ರೊಸೆಸರನ್ನು ಎಡಗೈಯಲ್ಲಿ ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಬಲಗೈಯಲ್ಲಿ ಉಳಿದ ಕಿರುಬೆರಳಿನಿಂದ ಅದರ ಸೂಜಿ ಕಾಲುಗಳನ್ನು ಸವರಿದ. ಒಂದು ಕಾಲು ಬಾಗಿರುವುದು ಅವನ ಬೆರಳಿಗೆ ತಿಳಿಯಿತೆಂದು ಕಾಣುತ್ತದೆ, ಅಲ್ಲೇ ನಿಲ್ಲಿಸಿದ.

"ಆವಾಗ ನೀವು ಪೂವಪ್ಪಣ್ಣನ ಹತ್ರ ಕೇಳಿದ್ರಾ ಸರ್?"

"ಕೇಳಿದ್ದೆ. ನಿನ್ನನ್ನು ಕಳಿಸಿದ ಮರುದಿನವೇ ಹೋಗಿ ಕೇಳಿದ್ದೆ."

"ಎಂತ ಹೇಳಿದ್ರು?"

ಸುಳ್ಳು ಹೇಳಬಹುದಿತ್ತು. ಮಾತು ಬರುತ್ತಿರಲಿಲ್ಲ ಎಂದಿದ್ದರೆ ಅವನು ನಂಬುತ್ತಿದ್ದ.

"ಸಿಪಿಯು ಅಂದ. ಎದೆ ಮುಟ್ಟಿ ತೋರಿಸಿದ."

ಮುಕೇಶ ಪ್ರೊಸೆಸರನ್ನು ಮತ್ತೆ ಬೆಳ್ಳಿ ಕಾಗದದಲ್ಲಿ ಸುತ್ತಲು ನೋಡಿದ. ಎರಡು ಸಲ ಜಾರಿತು. ಮೂರನೆಯ ಸಲ ಹೇಗೋ ಸುತ್ತಿ ನನ್ನ ಕೈಗೆ ಕೊಟ್ಟ.

"ಹಾಗಾದ್ರೆ ಅವರೂ ಹೇಳಿದ್ದಾರಲ್ಲ ಸರ್" ಎಂದ. "ನಾನೂ ಹೇಳಿದ್ದೆ."